ಬಿಳಿ ವೈನಿಗೆ ಲೋಟ ಹುಡುಕಿದ ಬಗೆ

ನಂದಿಬೆಟ್ಟದ ತಪ್ಪಲಿನ ನಮ್ಮ ತೋಟದ ಮನೆಯಲ್ಲಿ ಎರಡು ಕೋಣೆಗಳನ್ನು ಅತಿಥಿಗಳಿಗಾಗಿ ಇಟ್ಟಿದ್ದೇವೆ. ವೈನನ್ನು ನಾವು ಮಾರುವುದಿಲ್ಲ. ಬಂದವರೇ ಬಾಟಲಿ ತರುತ್ತಾರೆ. ಅದನ್ನು ತಂಪಾಗಿಟ್ಟು, ಲೋಟ ಕೊಟ್ಟು, ಊಟ ಬಡಿಸುವುದು ನನ್ನ ಕೆಲಸ. ಮೊದಮೊದಲು ಹಣ್ಣಿನ ರಸಕ್ಕೆಂದು ತಂದಿದ್ದ ನೇರವಾದ, ದಪ್ಪ ಗಾಜಿನ ಲೋಟಗಳನ್ನೇ ಕೊಡುತ್ತಿದ್ದೆ. ಒಂದು ಏಪ್ರಿಲ್ ಸಂಜೆ ವಯಸ್ಸಾದ ದಂಪತಿ ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್ ತಂದಿದ್ದರು. ಒಂದು ಗುಟುಕು ಕುಡಿದ ಆ ಹಿರಿಯಾಕೆ, "ಈಗಷ್ಟೇ ಫ್ರಿಜ್ಜಿನಿಂದ ತೆಗೆದಿರಲ್ಲಮ್ಮಾ, ಆಗಲೇ ತಂಪು ಇಳಿದುಬಿಟ್ಟಿದೆ. ವಾಸನೆಯೂ ಇಲ್ಲ" ಎಂದರು. ಬೇಸರದಿಂದ ಹೇಳಿದ ಮಾತಲ್ಲ, ಆದರೆ ನನಗೆ ನಾಟಿತು. ಮೂರು ತಲೆಮಾರಿನಿಂದ ಬೆಂಗಳೂರು ನೀಲಿ, ದಿಲ್‌ಖುಷ್ ಬೆಳೆದ ಮನೆಯಲ್ಲಿ ದ್ರಾಕ್ಷಿಯ ಪರಿಮಳಕ್ಕೆ ಹೀಗಾಗಬಾರದು.

ಮರುವಾರ ಬೆಂಗಳೂರಿಗೆ ಹೋಗಿ ಅಂಗಡಿಯವರು ತೋರಿಸಿದ ಅತಿ ದೊಡ್ಡ ಹೊಟ್ಟೆಯ ಲೋಟಗಳನ್ನು ಒಂದು ಡಜನ್ ತಂದೆ. ಈ ಆಕಾರ ವೈನನ್ನು ನಾಲಿಗೆಯ ಬದಿಗೆ ಕೊಂಡೊಯ್ಯುತ್ತದೆ, ಹುಳಿ ತಿಳಿಯುವುದು ಅಲ್ಲೇ ಎಂದು ಅವರು ವಿವರಿಸಿದ್ದರು. ನಾಲಿಗೆಯಲ್ಲಿ ಸಿಹಿಗೊಂದು ಜಾಗ, ಹುಳಿಗೊಂದು ಜಾಗ ಎಂಬ ಆ ಪಾಠ ನಾನು ಶಾಲೆಯಲ್ಲಿ ಕಲಿತದ್ದೂ ಹೌದು, ಆದರೆ ಅದು ತಪ್ಪು. ರುಚಿಮೊಗ್ಗುಗಳಿರುವ ಕಡೆಯಲ್ಲೆಲ್ಲ ನಾಲಿಗೆ ಎಲ್ಲ ರುಚಿಗಳನ್ನೂ ಹಿಡಿಯುತ್ತದೆ. ಲೋಟದ ಆಕಾರದಿಂದ ಮುಖ್ಯವಾಗಿ ಬದಲಾಗುವುದು ಮೂಗಿಗೆ ತಲುಪುವ ಗಾಳಿ ಮತ್ತು ವೈನಿನ ತಾಪ. ಆ ದೊಡ್ಡ ಲೋಟಗಳು ರೆಡ್ ವೈನಿಗೆ ಒಪ್ಪುವಂಥವು. ಬಿಳಿಯದನ್ನು ಹಾಕಿದರೆ ತಳದಲ್ಲಿ ತೆಳುವಾಗಿ ಹರಡಿಕೊಂಡು ಬೇಗ ಬೆಚ್ಚಗಾಗುತ್ತಿತ್ತು.

ಆಮೇಲೆ ನಾನೇ ಪರೀಕ್ಷಿಸಿ ನೋಡಿದೆ. ಅಡುಗೆಮನೆಯ ಥರ್ಮಾಮೀಟರ್ ಹಿಡಿದು, 8 ಡಿಗ್ರಿಯಲ್ಲಿದ್ದ ಒಂದೇ ಬಾಟಲಿಯ ವೈನನ್ನು ಸ್ಟೀಲ್ ಲೋಟ, ಹಣ್ಣಿನ ರಸದ ಲೋಟ, ದೊಡ್ಡ ಹೊಟ್ಟೆಯ ಲೋಟ, ಮತ್ತು ನೆಂಟರಿಂದ ತಂದ ಸಣ್ಣ ಬಾಯಿಯ, ತೆಳು ಗಾಜಿನ, ಹಿಡಿಯಲು ಉದ್ದ ಕಾಲಿರುವ ಲೋಟ, ಈ ನಾಲ್ಕಕ್ಕೂ ಅಳೆದು ಸುರಿದೆ. ಹಣ್ಣಿನ ರಸದ ಲೋಟದಲ್ಲಿ ಸುರಿದ ಎರಡೇ ನಿಮಿಷಕ್ಕೆ 12 ಡಿಗ್ರಿ! ಕೈ ಇನ್ನೂ ತಾಗಿರಲಿಲ್ಲ. ಬಿಸಿಲಿನ ದಿನ ಕಪಾಟಿನಲ್ಲಿದ್ದ ಆ ದಪ್ಪ ಗಾಜೇ ತನ್ನ ಶಾಖವನ್ನೆಲ್ಲ ವೈನಿಗೆ ಕೊಟ್ಟಿತ್ತು. ತೆಳು ಗಾಜಿನದರಲ್ಲಿ ಏರಿಕೆ ಇದರ ಅರ್ಧದಷ್ಟೂ ಇರಲಿಲ್ಲ. ಸ್ಟೀಲ್ ಲೋಟ ಆರಂಭದಲ್ಲಿ ತಂಪಾಗಿಯೇ ಇತ್ತು, ಆದರೆ ಕೈಯಲ್ಲಿ ಹಿಡಿದೊಡನೆ ಅಂಗೈಯ ಬಿಸಿ ನೇರವಾಗಿ ಒಳಗಿಳಿಯಿತು. ಕಾಲಿನ ಲೋಟದ ಕಾಲು ಅಲಂಕಾರಕ್ಕಲ್ಲ ಎಂಬುದು ನನಗೆ ಮನದಟ್ಟಾದದ್ದು ಅಂದು.

ವಾಸನೆಯಲ್ಲಂತೂ ಇನ್ನೂ ದೊಡ್ಡ ವ್ಯತ್ಯಾಸ. ನೇರ ಲೋಟದಲ್ಲಿ ಮೂಗಿಗೆ ಬಡಿದದ್ದು ಮದ್ಯಸಾರದ ಖಾರ ಮಾತ್ರ. ಮಲ್ಲಿಗೆ ಮೊಗ್ಗಿನಂತೆ ಕೆಳಗೆ ದುಂಡಾಗಿ ಮೇಲೆ ಕಿರಿದಾದ ಲೋಟದಲ್ಲಿ ಸೀಬೆಹಣ್ಣು, ನಿಂಬೆಸಿಪ್ಪೆ, ಆಗ ತಾನೆ ಕೊಯ್ದ ಹುಲ್ಲು ಒಂದೊಂದಾಗಿ ಬಂದವು. 2015ರಲ್ಲಿ ಜಪಾನಿನ ಸಂಶೋಧಕರು ಲೋಟದ ಬಾಯಿಂದ ಏಳುವ ಮದ್ಯಸಾರದ ಆವಿಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. 13 ಡಿಗ್ರಿಯಲ್ಲಿ, ವೈನ್ ಲೋಟದಲ್ಲಿ ಆವಿ ಅಂಚಿನ ಸುತ್ತ ಬಳೆಯಂತೆ ನಿಂತು ನಡುವೆ ಕಡಿಮೆಯಿತ್ತು; ನೇರ ಲೋಟದಲ್ಲಿ ಆ ಬಳೆ ಕಾಣಲಿಲ್ಲ. ವೈನನ್ನು 25 ಡಿಗ್ರಿಗೆ ಬಿಸಿ ಮಾಡಿದಾಗ ವೈನ್ ಲೋಟದಲ್ಲೂ ಅದು ಮಾಯವಾಯಿತು. ಆಕಾರ, ತಂಪು ಎರಡೂ ಕೂಡಿದರೇನೇ ಪರಿಮಳ ಎಂಬುದು ನನ್ನ ಜಗಲಿಯಲ್ಲೂ ಹಾಗೆಯೇ ಕಂಡಿತು.

ಎರಡನೆಯ ಬಾರಿ ಅಂಗಡಿಗೆ ಹೋಗುವಾಗ ಚೀಲದಲ್ಲಿ ಒಂದು ದಾರ, ಅಳತೆಪಟ್ಟಿ, ನೀರಿನ ಬಾಟಲಿ ಇಟ್ಟುಕೊಂಡೆ. ಹೊಟ್ಟೆಯ ಅಗಲ 8 ಸೆಂಟಿಮೀಟರ್, ಬಾಯಿ 6, ಒಟ್ಟು ಹಿಡಿಯುವುದು 350 ಮಿಲಿಲೀಟರ್. 120 ಮಿಲಿಲೀಟರ್ ನೀರು ಸುರಿದಾಗ ಅದು ಹೊಟ್ಟೆಯ ಅಗಲವಾದ ಭಾಗದ ಹತ್ತಿರಕ್ಕೆ ನಿಲ್ಲಬೇಕು. ಮೇಲಿನ ಖಾಲಿ ಜಾಗವೇ ಪರಿಮಳ ತುಂಬುವ ಕೋಣೆ. ಆ ಅಳತೆಯಲ್ಲಿ 750ರ ಬಾಟಲಿ ಆರು ಜನಕ್ಕೆ ಸರಿಹೋಗುತ್ತದೆ. ರುಚಿ ನೋಡುವವರಿಗೆಂದು ಅಂತರರಾಷ್ಟ್ರೀಯ ಮಾನದಂಡದ 215 ಮಿಲಿಲೀಟರಿನ ಲೋಟವೂ ಅಲ್ಲಿತ್ತು. ಅದು 50 ಮಿಲಿಲೀಟರ್ ಸುರಿದು ಪರೀಕ್ಷಿಸಲು ಸೊಗಸು, ಊಟಕ್ಕೆ ಸಾಲದು. ಅಂಚನ್ನು ಬೆರಳಿನಿಂದ ಸವರಿ ನೋಡಿದೆ. ಅಗ್ಗದವುಗಳಲ್ಲಿ ಉಂಡೆಗಟ್ಟಿದ ದಪ್ಪ ಅಂಚಿರುತ್ತದೆ. ಕತ್ತರಿಸಿ ನಯಮಾಡಿದ ಅಂಚಿನಿಂದ ವೈನ್ ತುಟಿಗೆ ತಡೆಯಿಲ್ಲದೆ ಹರಿಯುತ್ತದೆ. ಸೀಸ ಬೆರೆಸಿದ ಹಳೆಯ ಬಗೆಯ ಕ್ರಿಸ್ಟಲ್ ಗಾಜು ನನಗೆ ಬೇಡವಾಗಿತ್ತು. ಸೀಸವಿಲ್ಲದ ಕ್ರಿಸ್ಟಲ್ ತೆಗೆದುಕೊಂಡೆ, ತೆಳುವಾಗಿದ್ದರೂ ಗಟ್ಟಿ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ನಮ್ಮದು 1,200 ಅಡಿ ಆಳದ ಕೊಳವೆಬಾವಿ, ನೀರು ಬಹಳ ಗಡಸು. ಒಂದೇ ವಾರದಲ್ಲಿ ಹೊಸ ಲೋಟಗಳ ಮೇಲೆ ಬಿಳಿ ಚುಕ್ಕೆಗಳು ಎದ್ದವು, ಹೊಗೆಯಾಡಿದಂತೆ ಕಾಣತೊಡಗಿದವು. ತಿಕ್ಕಿದಷ್ಟೂ ಗೀರು ಬೀಳುತ್ತದೆಯೇ ಹೊರತು ಸುಣ್ಣ ಹೋಗುವುದಿಲ್ಲ. ಬೆಚ್ಚಗಿನ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಅರ್ಧ ಗಂಟೆ ಮುಳುಗಿಸಿಟ್ಟರೆ ಸುಣ್ಣ ಕರಗುತ್ತದೆ. ಈಗ ದಿನವೂ ಕೊನೆಯ ಜಾಲಿಸುವಿಕೆ ಕುಡಿಯುವ ಫಿಲ್ಟರ್ ನೀರಿನಲ್ಲೇ. ನೀರಿಗೆ ಬರಗಾಲವಿರುವ ಊರಿನಲ್ಲಿ ಇದು ದುಬಾರಿ ಎಂದು ಗೊತ್ತು. ಅದಕ್ಕೆಂದೇ ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕರಿಬೇವಿನ ಗಿಡಕ್ಕೆ ಹಾಕುತ್ತೇನೆ.

ಒರೆಸಲು ನಮ್ಮ ಮಾವನವರ ಹಳೆಯ ಪಂಚೆಯನ್ನು ಹರಿದಿಟ್ಟುಕೊಂಡಿದ್ದೇನೆ. ಒಗೆದು ಒಗೆದು ಮೆತ್ತಗಾದ ಆ ಬಟ್ಟೆ ಎಳೆ ಬಿಡುವುದಿಲ್ಲ, ಸೋಪಿನ ವಾಸನೆಯೂ ಉಳಿದಿಲ್ಲ. ಒರೆಸುವಾಗ ಹೊಟ್ಟೆಯನ್ನೇ ಹಿಡಿದುಕೊಳ್ಳಬೇಕು. ಒಂದು ಕೈಯಲ್ಲಿ ಪಾದ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ತಿರುಚಿದರೆ ಕಾಲು ಪಟಕ್ಕನೆ ಮುರಿಯುತ್ತದೆ. ಹಾಗೆ ಎರಡು ಹೋದವು. ಕಪಾಟಿನಲ್ಲಿ ಬೋರಲು ಹಾಕುವುದನ್ನೂ ಬಿಟ್ಟೆ, ಮರದ ವಾಸನೆ ಒಳಗೆ ಸಿಕ್ಕಿಕೊಳ್ಳುತ್ತದೆ. ಒಗ್ಗರಣೆಯ ಹೊಗೆ ತಾಗದಂತೆ ಕಪಾಟನ್ನೇ ನಡುಮನೆಗೆ ಸಾಗಿಸಿದೆ.

ಮರದ ಪೀಪಾಯಿಯಲ್ಲಿ ಮಾಗಿಸಿದ ಶಾರ್ಡೊನೆ ಎಂಬ ಬಿಳಿ ವೈನ್ ಬಂದರೆ ಮಾತ್ರ ಮೊದಲು ತಂದ ದೊಡ್ಡ ಲೋಟಗಳನ್ನು ತೆಗೆಯುತ್ತೇನೆ. ಅದಕ್ಕೆ 12 ಡಿಗ್ರಿ ಹಿತವೇ, ಅಗಲವೂ ಬೇಕು. ಉಳಿದವಕ್ಕೆಲ್ಲ ಒಂದೇ ಲೋಟ, ಸುರಿಯುವ ಮುನ್ನ ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ಒರೆಸಿದ್ದು. ಕಳೆದ ಡಿಸೆಂಬರಿನಲ್ಲಿ ಆ ದಂಪತಿ ಮತ್ತೆ ಬಂದಿದ್ದರು. ಹಿತಕಿದ ಬೇಳೆ ಸಾರಿನ ಜೊತೆಗೆ ಅದೇ ಸೋವಿನ್ಯೋನ್ ಬ್ಲಾಂಕ್. ಆ ಹಿರಿಯಾಕೆ ಲೋಟಕ್ಕೆ ಮೂಗಿಟ್ಟು ಬಹಳ ಹೊತ್ತು ಸುಮ್ಮನಿದ್ದರು, ಆಮೇಲೆ ಅದನ್ನು ನಮ್ಮ ಅತ್ತೆಯವರ ಕೈಗೆ ಕೊಟ್ಟರು. ವೈನ್ ಮುಟ್ಟದ ಅತ್ತೆಯವರು ಒಮ್ಮೆ ಮೂಸಿ, "ಸೀಬೆಹಣ್ಣು" ಎಂದರು.