ಮುದಿ ಬೆಕ್ಕಿಗೆ ಮಧುಮೇಹವೇ? ಮನೆಯಲ್ಲೇ ಗಮನಿಸುವ ಬಗೆ

ಪೆರ್ಲ, ಬದಿಯಡ್ಕದ ತೋಟದ ಮನೆಗಳಲ್ಲಿ ಹತ್ತು ವರ್ಷ ದಾಟಿದ ಬೆಕ್ಕು ಸೊರಗಿದರೆ ‘ಪ್ರಾಯವಾಯಿತಲ್ಲ’ ಎಂದು ಬಿಟ್ಟುಬಿಡುತ್ತಾರೆ. ಹೊಟ್ಟೆ ತುಂಬ ತಿಂದೂ ಸೊರಗುವುದು ಬರೀ ಮುಪ್ಪಲ್ಲ. ಜೊತೆಗೆ ನೀರು ಕುಡಿಯುವುದೂ ಮೂತ್ರ ಹೊಯ್ಯುವುದೂ ಹೆಚ್ಚಿದ್ದರೆ ಮಧುಮೇಹದ ಸಂಶಯ ಪಡಲೇಬೇಕು. ಮೈ ಬೆಳೆದ, ಸಂತಾನಹರಣ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು.

ಮೊದಲು ತೂಕ. ವಾರಕ್ಕೊಮ್ಮೆ ಬುಟ್ಟಿಯಲ್ಲಿ ಕೂರಿಸಿ ಅಡಿಕೆ ತೂಗುವ ಡಿಜಿಟಲ್ ತಕ್ಕಡಿಯಲ್ಲಿಡಿ. ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆಯುವ ಲೆಕ್ಕ ಬೇಡ. ನಾಲ್ಕು ಕಿಲೋ ಬೆಕ್ಕಿಗೆ ಇನ್ನೂರು ಗ್ರಾಂ ಇಳಿದರೂ ದೊಡ್ಡ ಸಂಗತಿ, ಆ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಆಮೇಲೆ ನೀರು. ಬಾವಿಕಟ್ಟೆಯ ಬಕೆಟ್, ಹಟ್ಟಿಯ ಬಾನಿ ಎಲ್ಲ ಕಡೆ ಕುಡಿಯುವ ಬೆಕ್ಕಿನ ಲೆಕ್ಕ ಸಿಗದು. ಮೂರು ದಿನ ಒಳಗಿಟ್ಟು, ಅಳೆದ ನೀರು ಕೊಟ್ಟು, ಉಳಿದದ್ದನ್ನು ಕಳೆಯಿರಿ. ಕಿಲೋ ತೂಕಕ್ಕೆ ದಿನಕ್ಕೆ 50 ಮಿ.ಲೀ.ವರೆಗೆ ಸಹಜ. 100 ಮಿ.ಲೀ. ದಾಟಿದರೆ ಪಶುವೈದ್ಯರಲ್ಲಿಗೆ ಹೋಗಲೇಬೇಕು. ಎಷ್ಟೇ ಕುಡಿದರೂ ನೀರನ್ನು ಮಾತ್ರ ತಡೆಯಬೇಡಿ.

ಎಲ್ಲರೂ ಎಡವುವುದು ಮೂತ್ರ ಪರೀಕ್ಷೆಯಲ್ಲಿ. ಸಕ್ಕರೆ ಇದ್ದರೆ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯನ್ನು ಒದ್ದೆ ಮಣ್ಣಿಗೆ ಒತ್ತಿ ನೋಡಿದವರನ್ನು ಕಂಡಿದ್ದೇನೆ. ಬ್ಲೀಚಿಂಗ್ ಪುಡಿ ಹಾಕಿ ತೊಳೆದ ಬಚ್ಚಲಿನಿಂದ ಬಳಿದವರನ್ನೂ ಕಂಡಿದ್ದೇನೆ. ಬ್ಲೀಚಿಂಗ್ ಪುಡಿಯ ಅಂಶ ತಾಗಿದರೆ ಸಕ್ಕರೆ ಇಲ್ಲದಿದ್ದರೂ ಬಣ್ಣ ಏರುತ್ತದೆ. ಅಂಗಡಿಯ ಪರಿಮಳದ ಬೆಕ್ಕಿನ ಮರಳು ಬೇಡವೇ ಬೇಡ, ಅದು ಹನಿಯನ್ನೂ ಉಳಿಸದೆ ಹೀರುತ್ತದೆ. ಸಾಬೂನಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ ಒಣಗಿಸಿದ ತಟ್ಟೆಗೆ ಮೀನುತೊಟ್ಟಿಯ ನುಣುಪು ಕಲ್ಲುಗಳನ್ನು ತೆಳ್ಳಗೆ ಹರಡಿ. ನಮ್ಮ ಹನ್ನೆರಡು ವರ್ಷದ ಕರಿಯ ಅದಕ್ಕೂ ಒಪ್ಪಲಿಲ್ಲ. ಬೆಳಗ್ಗೆ ಅವನು ಬಾಲ ನಿಮಿರಿಸಿ ಕುಕ್ಕರಿಸುವವರೆಗೆ ಕಾದು, ಹಿಂದಿನಿಂದ ಸ್ಟೀಲಿನ ಸೌಟನ್ನು ಮೆಲ್ಲನೆ ಒಡ್ಡಿದೆ. ಅರ್ಧ ಚಮಚದಷ್ಟು ಸಿಕ್ಕಿತು, ಅಷ್ಟೇ ಸಾಕು.

ಮೂತ್ರ ತಾಜಾ ಇರುವಾಗಲೇ ಪಟ್ಟಿ ಅದ್ದಿ ತೆಗೆದು, ಅಂಚನ್ನು ತಟ್ಟಿ, ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡು ಮೊಬೈಲ್ ನೋಡಿ ಎಣಿಸಿ. ಬಣ್ಣವನ್ನು ಹಗಲು ಬೆಳಕಿನಲ್ಲೇ ಹೋಲಿಸಿ, ಹಳದಿ ಬಲ್ಬಿನಡಿ ಬೇಡ. ಸಕ್ಕರೆ, ಕೀಟೋನ್ (ಮೈ ಸಕ್ಕರೆಯ ಬದಲು ಕೊಬ್ಬನ್ನು ಕರಗಿಸುವಾಗ ಹುಟ್ಟುವ ವಸ್ತು) ಎರಡನ್ನೂ ತೋರಿಸುವ ಪಟ್ಟಿಯನ್ನೇ ಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಪಟ್ಟಿ ಬೇಗ ಕೆಡುತ್ತದೆ. ತೆಗೆದ ಕೂಡಲೇ ಮುಚ್ಚಳ ಬಿಗಿಯಿರಿ. ನೆರೆಯವರಿಂದ ಕಾಗದದಲ್ಲಿ ಸುತ್ತಿ ತಂದ ಎರಡು ಪಟ್ಟಿಗಳನ್ನು ನಂಬಬೇಡಿ.

ಮೂತ್ರಕ್ಕೆ ಇರುವೆ ಮುತ್ತುವುದು ಹಿರಿಯರು ಹೇಳುವ ಗುರುತು. ಕಂಡರೆ ಪರೀಕ್ಷಿಸಿ, ಕಾಣಲಿಲ್ಲವೆಂದು ಸುಮ್ಮನಾಗಬೇಡಿ. 100 ಮಿ.ಲೀ. ರಕ್ತದಲ್ಲಿ ಸಕ್ಕರೆ ಸುಮಾರು 250ರಿಂದ 300 ಮಿ.ಗ್ರಾಂ. ಮುಟ್ಟಿದ ಮೇಲಷ್ಟೇ ಮೂತ್ರಕ್ಕೆ ಇಳಿಯುವುದರಿಂದ, ಬಣ್ಣ ಬದಲಾಗದಿದ್ದರೂ ರೋಗ ಇಲ್ಲವೆನ್ನಲಾಗದು.

ಮನೆಯವರ ಗ್ಲುಕೋಮೀಟರ್ ಹಿಡಿದು ಕಿವಿ ಚುಚ್ಚಲು ಹೋಗಬೇಡಿ. ಹೆದರಿದ ಬೆಕ್ಕಿನ ಸಕ್ಕರೆ ತಾನಾಗಿಯೇ ಏರುತ್ತದೆ. ಮನುಷ್ಯರ ಯಂತ್ರವೋ ಬೆಕ್ಕಿನ ರಕ್ತಕ್ಕೆ ಹೆಚ್ಚಾಗಿ ಕಡಿಮೆ ಅಂಕಿ ತೋರಿಸುತ್ತದೆ. ವೈದ್ಯರು ಕಲಿಸಿದ ಮೇಲೆ ಚುಚ್ಚಿದರೆ ಸಾಕು. ಎರಡು ಮೂರು ವಾರಗಳ ರಕ್ತದ ಸಕ್ಕರೆಯ ಸರಾಸರಿ ಹೇಳುವ ಫ್ರಕ್ಟೋಸಮೈನ್ ಪರೀಕ್ಷೆಯನ್ನು ಕೇಳಿ ಮಾಡಿಸಿ. ಮೂತ್ರಪಿಂಡ, ಥೈರಾಯ್ಡ್ ತೊಂದರೆಗಳಲ್ಲೂ ನೀರಡಿಕೆ ಹೀಗೆಯೇ ಇರುತ್ತದೆ. ಅಜ್ಜನ ಶುಗರ್ ಮಾತ್ರೆಯನ್ನು ಅರೆದು ಕೊಡುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಕೀಟೋನ್ ಬಣ್ಣ ಕಂಡರೆ, ಅದರಲ್ಲೂ ಬೆಕ್ಕು ವಾಂತಿ ಮಾಡಿ ಅನ್ನ ಬಿಟ್ಟಿದ್ದರೆ, ಅಂದೇ ಹೊರಡಿ. ಉಳಿದಂತೆ ತೂಕ, ನೀರು ಬರೆದ ಚೀಟಿಯನ್ನೂ ಪಟ್ಟಿಯ ಫೋಟೋವನ್ನೂ ಒಯ್ಯಿರಿ. ಮಧುಮೇಹದಿಂದ ನರ ಸೋತು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುವುದುಂಟು, ಹಾಗೆ ನಡೆಯುತ್ತಿದ್ದರೆ ಅದರ ವಿಡಿಯೊ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಮುದುಡಿ ಕೂರುತ್ತದೆ, ನಡೆದು ತೋರಿಸುವುದಿಲ್ಲ.