ಮೂರು ವರ್ಷ ಕಾದು ನೋಡಿದ ಎರಡನೇ ಭಾಗ

ಕೆಜಿಎಫ್ ಸಿನಿಮಾದ ಮೊದಲ ಭಾಗ ಬಂದಿದ್ದು 2018ರ ಡಿಸೆಂಬರ್ 21ಕ್ಕೆ. ಖಳನಾಯಕ ಗರುಡ ಸತ್ತ, ಸಿನಿಮಾ ಮುಗಿಯಿತು. ಥಿಯೇಟರ್‌ನಿಂದ ಹೊರಗೆ ಬರುವಾಗಲೇ ನನ್ನ ತಲೆಯಲ್ಲಿ ಎರಡನೇ ಭಾಗ ಓಡುತ್ತಿತ್ತು. ಮುಂದಿನ ಖಳನಾಯಕ ಅಧೀರ (ಸಂಜಯ್ ದತ್) ಹೇಗಿರಬಹುದು, ನಾಯಕ ರಾಕಿ (ಯಶ್) ಸಾಯುತ್ತಾನಾ, ಸಾಹುಕಾರನಾಗಿಯೇ ಸಾಯುತ್ತೇನೆ ಅಂತ ಅವನು ಅಮ್ಮನಿಗೆ ಕೊಟ್ಟ ಮಾತು ಏನಾಗುತ್ತದೆ. ದಿನಾ ಇದೇ ಯೋಚನೆ.

ಎರಡನೇ ಭಾಗ 2020ರ ಅಕ್ಟೋಬರ್ 23ಕ್ಕೆ ಬರಬೇಕಿತ್ತು. ಕೊರೊನಾ ಬಂತು. ತಾರೀಖು 2021ರ ಜುಲೈ 16ಕ್ಕೆ ಹೋಯಿತು, ಅದೂ ತಪ್ಪಿತು. ಕೊನೆಗೆ ತೆರೆಗೆ ಬಂದಿದ್ದು 2022ರ ಏಪ್ರಿಲ್ 14ಕ್ಕೆ.

ಮೊದಲ ತಾರೀಖು ತಪ್ಪಿದಾಗ ನಾನೊಂದು ಕೆಲಸ ಮಾಡಿದೆ. ಒಂದು ನೋಟ್‌ಬುಕ್ ತೆಗೆದು, ಎರಡನೇ ಭಾಗದಲ್ಲಿ ನನಗೆ ಏನೇನು ಬೇಕು ಅಂತ ಬರೆದಿಟ್ಟೆ. ಅದಕ್ಕೊಂದು ಕಾರಣ ಇತ್ತು. ಹಿಂದೆ ಬೇರೊಂದು ಸಿನಿಮಾದ ಮುಂದಿನ ಭಾಗ ನೋಡಿ ಬಂದು, 'ಚೆನ್ನಾಗಿಲ್ಲ' ಅಂತ ಗೆಳೆಯನ ಹತ್ತಿರ ಜಗಳವಾಡಿದ್ದೆ. ಅವನು 'ಹಾಗಾದ್ರೆ ನಿಂಗೆ ಏನು ಬೇಕಿತ್ತು?' ಅಂದ. ನನಗೆ ಉತ್ತರ ಹೊಳೆಯಲೇ ಇಲ್ಲ. ಆ ಪ್ರಶ್ನೆ ಮನಸ್ಸಿನಲ್ಲಿ ಉಳಿದಿತ್ತು.

ಪಟ್ಟಿಯಲ್ಲಿ ಹದಿನಾಲ್ಕು ಸಾಲು ಇದ್ದವು. ಮೊದಲನೆಯದು, ಮೊದಲ ಭಾಗದಲ್ಲಿ ಕತೆ ಹೇಳಿದ ಅನಂತ್ ನಾಗ್ ಅವರ ದನಿ. ಅವರು ಎರಡನೇ ಭಾಗದಲ್ಲಿ ಇಲ್ಲ ಅಂತ ಗೊತ್ತಾದಾಗ ತುಂಬಾ ಜನರ ಹಾಗೆ ನನಗೂ ಬೇಜಾರಾಯಿತು. ಆ ಸಾಲನ್ನು ಹೊಡೆದು ಹಾಕಲು ಮಾತ್ರ ಮನಸ್ಸು ಬರಲಿಲ್ಲ.

2021ರ ಜನವರಿಯಲ್ಲಿ ಟೀಸರ್ ಬಂತು. ಗುಂಡು ಹಾರಿಸಿ ಹಾರಿಸಿ ಕೆಂಪಾದ ಗನ್ನಿನ ನಳಿಕೆಗೆ ರಾಕಿ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನಲ್ಲ, ಆ ದೃಶ್ಯವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವೇ ಇಲ್ಲ. ಅದು ನಾನು ಮಾಡಿದ ದೊಡ್ಡ ತಪ್ಪು. ಬಿಡುಗಡೆ ದಿನ ಅದೇ ದೃಶ್ಯ ತೆರೆ ಮೇಲೆ ಬಂದಾಗ ಸುತ್ತಲಿನವರೆಲ್ಲ ಎದ್ದು ನಿಂತು ಕೂಗಿದರು. ನನ್ನೊಳಗೆ ಮಾತ್ರ ಏನೂ ಆಗಲಿಲ್ಲ. ನನ್ನ ಪಾಲಿನ ಖುಷಿ ಒಂದು ವರ್ಷ ಮೊದಲೇ ಫೋನಿನಲ್ಲಿ ಖರ್ಚಾಗಿ ಹೋಗಿತ್ತು.

ಪುಣ್ಯಕ್ಕೆ, 2022ರ ಮಾರ್ಚ್ 27ಕ್ಕೆ ಬಂದ ಟ್ರೇಲರ್ ಅನ್ನು ನಾನು ನೋಡಿರಲಿಲ್ಲ. ಆ ಎರಡೂವರೆ ವಾರ ಎಲ್ಲ ಗ್ರೂಪ್‌ಗಳನ್ನೂ ಮ್ಯೂಟ್ ಮಾಡಿಟ್ಟಿದ್ದೆ. ಕಷ್ಟವಾಯಿತು, ನಿಜ. ಅದರ ಬದಲು ಮೊದಲ ಭಾಗವನ್ನು ಇನ್ನೊಮ್ಮೆ ಪೂರ್ತಿ ನೋಡಿದೆ. ಯಾರು ಯಾರ ಮಗ, ಯಾರ ಕಣ್ಣು ಯಾವ ಕುರ್ಚಿ ಮೇಲೆ, ಎಲ್ಲ ಮರೆತೇ ಹೋಗಿತ್ತು. ಮೂರು ವರ್ಷದಲ್ಲಿ ನೆನಪಿನಲ್ಲಿ ಉಳಿದಿದ್ದು ಹೊಡೆದಾಟ ಮತ್ತು ರವಿ ಬಸ್ರೂರು ಅವರ ಸಂಗೀತ, ಅಷ್ಟೇ.

ಮೊದಲ ಶೋನಲ್ಲಿ ಸಿನಿಮಾ ನೋಡಿದೆ ಅನ್ನುವುದಕ್ಕಿಂತ ಜನರನ್ನು ನೋಡಿದೆ ಅನ್ನಬೇಕು. ಯಶ್ ಎಂಟ್ರಿಗೆ ಶಿಳ್ಳೆ, ಸಂಜಯ್ ದತ್ ಎಂಟ್ರಿಗೆ ಶಿಳ್ಳೆ. ಅರ್ಧ ಮಾತು ಕಿವಿಗೇ ಬೀಳಲಿಲ್ಲ. ಇದು ದೂರಲ್ಲ. ಇಷ್ಟು ವರ್ಷ ಒಟ್ಟಿಗೆ ಕಾದವರು ಒಟ್ಟಿಗೆ ಕೂಗುವುದರಲ್ಲಿ ಒಂದು ಸಂತೋಷ ಇದೆ, ಅದು ಬೇರೆಲ್ಲೂ ಸಿಗುವುದಿಲ್ಲ. ಆದರೆ ಆವತ್ತು ರಾತ್ರಿ ನೋಟ್‌ಬುಕ್ ತೆಗೆದಾಗ ಏನು ಬರೆಯಬೇಕೋ ತಿಳಿಯಲಿಲ್ಲ. ಹದಿನಾಲ್ಕರಲ್ಲಿ ಐದೇ ಸಿಕ್ಕಿದ್ದವು. ಹಾಗಂತ ಸಿನಿಮಾ ಕೆಟ್ಟದಾ?

ಒಂದು ವಾರ ಬಿಟ್ಟು ಮಧ್ಯಾಹ್ನದ ಶೋಗೆ ಒಬ್ಬನೇ ಹೋದೆ. ಅರ್ಧ ಥಿಯೇಟರ್ ಖಾಲಿ. ಈ ಸಲ ಮಾತುಗಳೆಲ್ಲ ಕೇಳಿಸಿದವು. ಆ ಗನ್ನಿನ ದೃಶ್ಯವೇ ಬೇರೆಯಾಗಿ ಕಂಡಿತು. ಪೊಲೀಸರು ವಶಪಡಿಸಿಕೊಂಡ ಒಂದು ಸಣ್ಣ ಚಿನ್ನದ ತುಂಡಿಗಾಗಿ ರಾಕಿ ಠಾಣೆಯ ಮೇಲೇ ಗುಂಡಿನ ಮಳೆ ಸುರಿಸುತ್ತಾನೆ. ಟೀಸರ್ ತೋರಿಸಿದ್ದು ಬೆಂಕಿಯನ್ನು ಮಾತ್ರ. ಚಿನ್ನದ ವಿಷಯದಲ್ಲಿ ಅವನಿಗಿರುವ ಹಟ ಸಿನಿಮಾದಲ್ಲಿತ್ತು. ಅಮ್ಮನ ಮಾತಿಗೂ ಆ ಹಟಕ್ಕೂ ಇರುವ ನಂಟು ತಿಳಿದ ಮೇಲೆ, ಕೊನೆಯಲ್ಲಿ ಅವನು ಚಿನ್ನದ ಜೊತೆಗೇ ಸಮುದ್ರ ಸೇರಿದಾಗ ನನಗೆ ಅಳು ಬಂತು. ಮೊದಲ ಶೋನಲ್ಲಿ ಅದೇ ಕೊನೆಯನ್ನು ನೋಡುತ್ತಾ ನಾನು ಯೋಚಿಸಿದ್ದು 'ನಾನು ಅಂದುಕೊಂಡ ಹಾಗೆ ಆಗಲಿಲ್ಲವಲ್ಲ' ಅಂತ ಮಾತ್ರ.

ಮನೆಗೆ ಬಂದು ಪಟ್ಟಿಯನ್ನು ಮತ್ತೆ ಓದಿದೆ. ಸಿಗದೆ ಉಳಿದ ಒಂಬತ್ತರಲ್ಲಿ ಎಂಟು, ಯಾರೋ ಅಭಿಮಾನಿಗಳು ಕಟ್ಟಿದ ಥಿಯರಿಗಳು. ಅವು ನನ್ನ ಆಸೆಗಳೂ ಆಗಿರಲಿಲ್ಲ. ಓದಿ ಓದಿ ನನ್ನವೇ ಅನಿಸಿಬಿಟ್ಟಿದ್ದವು. ಎಂಟನ್ನೂ ಹೊಡೆದು ಹಾಕಿದೆ.

ಒಂಬತ್ತನೆಯದು ಅನಂತ್ ನಾಗ್ ಅವರ ದನಿ. ಅವರು ಮಾಡಿದ್ದ ಪಾತ್ರದ ಮಗನಾಗಿ ಪ್ರಕಾಶ್ ರಾಜ್ ಕತೆ ಮುಂದುವರಿಸಿದ ರೀತಿ ಎರಡನೇ ಸಲ ನನಗೆ ಹಿಡಿಸಿತು. ಆದರೂ ಆ ದನಿ ಇಲ್ಲದ ಜಾಗ ಖಾಲಿಯಾಗಿಯೇ ಇತ್ತು. ಮೂರನೇ ಸಲ ಮನೆಯಲ್ಲಿ ನೋಡಿದಾಗಲೂ ಹಾಗೇ ಅನಿಸಿತು. ಆ ಸಾಲನ್ನು ಇನ್ನೂ ಹೊಡೆದು ಹಾಕಿಲ್ಲ.