ಬಿಸಿಲು ನೆತ್ತಿಗೆ ಬಂದಾಗಲೇ ಕರೆಂಟ್ ಹೋಗುತ್ತಿತ್ತು

ಯುಗಾದಿ ದಿನ ಬೆಳಗ್ಗೆ ಹನ್ನೊಂದೂವರೆ. ಇಂಡಕ್ಷನ್ ಒಲೆ ಮೇಲೆ ಹೋಳಿಗೆಗೆ ಬೇಳೆ ಬೇಯುತ್ತಿತ್ತು. ಪಟ್ ಅಂತ ಮನೆಯೆಲ್ಲಾ ಸ್ತಬ್ಧ. ಫ್ಯಾನ್ ನಿಂತಿತು, ಫ್ರಿಜ್ ನಿಂತಿತು. ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಏನೋ ಇದು, ಇಷ್ಟು ಬಿಸಿಲಿದೆ, ನಿನ್ನ ಸೋಲಾರ್‌ಗೆ ಇನ್ನೇನು ಬೇಕಂತೆ?"

ಅಮ್ಮನ ಪ್ರಶ್ನೆಯಲ್ಲಿ ನ್ಯಾಯ ಇತ್ತು. ಮೋಡ ಕವಿದ ದಿನ ನಮ್ಮ ಮನೆಯಲ್ಲಿ ಕರೆಂಟ್ ಹೋಗುತ್ತಿರಲಿಲ್ಲ. ಸುಡು ಬಿಸಿಲಿದ್ದಾಗ, ಬ್ಯಾಟರಿ ತುಂಬಿದ್ದಾಗಲೇ ಹೋಗುತ್ತಿತ್ತು.

ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮ ಮನೆ. ಕಂಬ ದೂರ ಇದೆ, ಹಾಗಾಗಿ ಬೆಸ್ಕಾಂ ಲೈನ್ ಇಲ್ಲ. ಬನಶಂಕರಿಯ ಹಳೇ ಮನೆಯ ಟೆರೇಸ್ ಮೇಲಿದ್ದ 335 ವ್ಯಾಟಿನ 12 ಪ್ಯಾನೆಲ್, ಅದರ 4 ಕಿಲೋವ್ಯಾಟ್ ಗ್ರಿಡ್ ಇನ್ವರ್ಟರ್, ಎರಡನ್ನೂ ಬಿಚ್ಚಿ ಇಲ್ಲಿಗೆ ತಂದೆ. ಗ್ರಿಡ್ ಇನ್ವರ್ಟರ್ ಅಂದರೆ ಗ್ರಿಡ್‌ಗೆ, ಅಂದರೆ ಬೆಸ್ಕಾಂ ಲೈನಿನಂಥ ವಿದ್ಯುತ್ ಜಾಲಕ್ಕೆ, ಸೇರಿ ಓಡುವಂಥದ್ದು, ಒಂಟಿಯಾಗಿ ಓಡಲ್ಲ. ಹೊರಗಿನಿಂದ 230 ವೋಲ್ಟ್, 50 ಹರ್ಟ್ಸ್ ಕಂಡರೆ ಮಾತ್ರ ಅದು ಏಳುತ್ತೆ. ಅದಕ್ಕೇ 5 ಕೆವಿಎ ಬ್ಯಾಟರಿ ಇನ್ವರ್ಟರ್ ಒಂದನ್ನು ತಂದು, ಅದರ ಔಟ್‌ಪುಟ್ ಲೈನಿಗೆ ಇದನ್ನು ಸೇರಿಸಿದೆ. ಬ್ಯಾಟರಿ ಇನ್ವರ್ಟರ್ ಮನೆಯೊಳಗೆ ಒಂದು ಪುಟ್ಟ ಗ್ರಿಡ್ ಕಟ್ಟುತ್ತೆ, ಇನ್ನೊಂದು ಅದನ್ನು ನಿಜವಾದ ಗ್ರಿಡ್ ಅಂತ ನಂಬಿ ಕೆಲಸ ಮಾಡುತ್ತೆ. ಮನೆಗೆ ಬೇಕಾದ್ದು ಮನೆಗೆ, ಮಿಕ್ಕಿದ್ದು ಬ್ಯಾಟರಿ ಇನ್ವರ್ಟರ್ ಮೂಲಕ ಹಿಂದಕ್ಕೆ ಹರಿದು ಬ್ಯಾಟರಿಗೆ. ಎಸಿ ಕಪ್ಲಿಂಗ್ ಅನ್ನೋದು ಇದಕ್ಕೇ. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, 16 ಸೆಲ್, 51.2 ವೋಲ್ಟ್, 100 ಆಂಪ್ ಅವರ್.

ಮಾರಿದವರಿಗೆ ಫೋನ್ ಮಾಡಿದೆ. "ಸಾರ್, ಲೋಡ್ ಜಾಸ್ತಿ ಆಗಿದೆ. ಆಫ್ ಆದಾಗ ಏನು ಆನ್ ಮಾಡಿದ್ರಿ?" ಅಂತ ಕೇಳಿದರು. ನಾನೂ ಎರಡು ವಾರ ಅದನ್ನೇ ಹುಡುಕಿದೆ. ಇಂಡಕ್ಷನ್ ಮತ್ತು ಮೋಟಾರ್ ಒಟ್ಟಿಗೆ ಹಾಕಬೇಡಿ ಅಂತ ಮನೆಯವರಿಗೆಲ್ಲಾ ಹೇಳಿ ಬೈಸಿಕೊಂಡೆ. ಕೇಬಲ್ ಲಗ್ (ಕೇಬಲ್ ತುದಿಗೆ ಹಾಕಿ ಬೋಲ್ಟ್ ಬಿಗಿಯುವ ಲೋಹದ ತುಂಡು) ಮೇಲೂ ಅನುಮಾನ ಬಂತು. 40 ಆಂಪ್ ಹರಿಯುವಾಗ ಒಂದು ಲಗ್‌ನ ಎರಡೂ ಕಡೆ ಮೀಟರ್ ಕಡ್ಡಿ ಇಟ್ಟೆ, 180 ಮಿಲಿವೋಲ್ಟ್ ಬಂತು. ಅಂದರೆ ಅಷ್ಟು ಚಿಕ್ಕ ಜಾಗದಲ್ಲಿ 7 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತಿತ್ತು. ಎಸ್.ಪಿ. ರೋಡಿಗೆ ಹೋಗಿ ಒಳ್ಳೆ ತಾಮ್ರದ ಲಗ್ ತಂದು, ಬ್ಯಾಟರಿ ಬ್ರೇಕರ್ ಇಳಿಸಿ, ಕೈಯ ಉಂಗುರ, ವಾಚ್ ಬಿಚ್ಚಿಟ್ಟು ಬದಲಾಯಿಸಿದೆ. ಮಾಡಲೇಬೇಕಾದ ಕೆಲಸವೇ. ಆದರೆ ಮಾರನೇ ದಿನ ಮಧ್ಯಾಹ್ನ ಮತ್ತೆ ಕರೆಂಟ್ ಹೋಯಿತು.

ಆಮೇಲೆ ಫ್ರಿಜ್ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಕರೆಂಟ್ ಹೋದರೆ ಯಾರಿದ್ದರೂ ಸಮಯ ಮತ್ತು ಆಗ ಏನು ಮಾಡುತ್ತಿದ್ದರು ಅಂತ ಬರೆಯಬೇಕು. ಒಂದು ವಾರದ ಪುಟ ಹೀಗಿತ್ತು: 11.34, ಟ್ಯಾಂಕ್ ತುಂಬಿತು, ಮೋಟಾರ್ ನಿಲ್ಲಿಸಿದೆ. 12.10, ಇಸ್ತ್ರಿ ಮುಗೀತು. 1.05, ಸಾರು ಕುದೀತು, ಒಲೆ ಸಣ್ಣ ಮಾಡಿದೆ.

ಮೂರನೇ ಸಾಲು ಹೆಂಡತಿಯ ಕೈಬರಹ. ಅದರ ಕೆಳಗೆ ಅವಳೇ ಬರೆದಿದ್ದಳು: "ರೀ, ಎಲ್ಲಾ ಆಫ್ ಮಾಡಿದಾಗಲೇ ಹೋಗ್ತಿದೆ, ನೋಡಿದ್ರಾ?"

ನೋಡಿರಲಿಲ್ಲ. ಅಲ್ಲಿಗೆ ಅರ್ಧ ಕೆಲಸ ಮುಗಿದ ಹಾಗೆ.

ಹನ್ನೆರಡು ಗಂಟೆಗೆ ಪ್ಯಾನೆಲ್‌ಗಳಿಂದ 3 ಕಿಲೋವ್ಯಾಟ್ ಬರುತ್ತಿದೆ ಅಂದುಕೊಳ್ಳಿ. ಮೋಟಾರ್ 1 ಕಿಲೋವ್ಯಾಟ್ ತಿನ್ನುತ್ತಿದೆ. ಅದನ್ನು ನಿಲ್ಲಿಸಿದ ಕ್ಷಣ ಆ 1 ಕಿಲೋವ್ಯಾಟ್ ಎಲ್ಲಿಗೆ ಹೋಗಬೇಕು? ಹೊರಗೆ ಗ್ರಿಡ್ ಇಲ್ಲ. ಬ್ಯಾಟರಿ ಒಂದೇ ದಾರಿ. ಅದೋ ಆಗಲೇ ತುಂಬಿ ಕೂತಿದೆ. ಉಂಡು ಎದ್ದವನ ಎಲೆಗೆ ಮತ್ತೆ ಬಡಿಸಿದ ಹಾಗೆ. ಇಂಡಕ್ಷನ್ ಒಲೆ ಇನ್ನೂ ತರಲೆ. ಸಣ್ಣ ಉರಿಯಲ್ಲಿಟ್ಟರೆ ನಮ್ಮ ಒಲೆ ನಿಜವಾಗಿ ಸಣ್ಣ ಉರಿಯುವುದಿಲ್ಲ. ಕೆಲವು ಸೆಕೆಂಡ್ ಪೂರ್ತಿ ಆನ್, ಕೆಲವು ಸೆಕೆಂಡ್ ಪೂರ್ತಿ ಆಫ್. ಪ್ರತಿ ಆಫ್‌ಗೂ ಬ್ಯಾಟರಿಗೆ ಒಂದು ಗುದ್ದು. ಹಬ್ಬದ ದಿನದ ಬೇಳೆಯೂ ಸಣ್ಣ ಉರಿಯಲ್ಲೇ ಇತ್ತು.

ಇದನ್ನು ತಡೆಯೋಕೆ ಒಂದು ಏರ್ಪಾಡು ಇದ್ದೇ ಇದೆ. ಬ್ಯಾಟರಿ ತುಂಬಿದಾಗ ಬ್ಯಾಟರಿ ಇನ್ವರ್ಟರ್ ತನ್ನ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್‌ನಿಂದ ಮೇಲಕ್ಕೆ ಏರಿಸುತ್ತೆ. ಗ್ರಿಡ್ ಇನ್ವರ್ಟರ್‌ಗೆ ಅದೇ ಸನ್ನೆ, ಸಾಕು, ಕಡಿಮೆ ಮಾಡು ಅಂತ. ದೊಡ್ಡ ಗ್ರಿಡ್‌ನಲ್ಲೂ ಬಳಕೆಗಿಂತ ಉತ್ಪಾದನೆ ಜಾಸ್ತಿಯಾದರೆ ಫ್ರೀಕ್ವೆನ್ಸಿ ಏರುತ್ತೆ. ಅಲ್ಲಿ ತಾನಾಗೇ ಆಗುವುದನ್ನು ಇಲ್ಲಿ ಬೇಕಂತಲೇ ಮಾಡುತ್ತಾರೆ.

ಹರ್ಟ್ಸ್ ತೋರಿಸುವ ಮಲ್ಟಿಮೀಟರನ್ನು ಸಾಕೆಟ್‌ಗೆ ಸಿಕ್ಕಿಸಿ ಎರಡು ಗಂಟೆ ಕಾಯುತ್ತಾ ಕೂತೆ. 50.0, 50.0. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಅಂಕಿ ಮೇಲೆ ಹತ್ತೋಕೆ ಶುರುವಾಯಿತು. ಸನ್ನೆ ಹೋಗುತ್ತಿದೆ. ಆದರೆ ಗ್ರಿಡ್ ಇನ್ವರ್ಟರ್ ಕಡಿಮೆ ಮಾಡಲಿಲ್ಲ. ಟಕ್ ಅಂತ ಪೂರ್ತಿ ಕಳಚಿಕೊಂಡಿತು. ಮನೆ ಬ್ಯಾಟರಿ ಮೇಲೆ ಓಡಿತು, ಫ್ರೀಕ್ವೆನ್ಸಿ 50ಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಮತ್ತೆ ಸೇರಿಕೊಂಡು ಪೂರ್ತಿ ಜೋರಿನಲ್ಲಿ ತಳ್ಳಿತು. ಮತ್ತೆ ಟಕ್. ದಿನವಿಡೀ ಹೀಗೇ ಆಟ. ಅದು ತಳ್ಳುತ್ತಿರುವ ಹೊತ್ತಿಗೇ ಯಾರಾದರೂ ಮೋಟಾರ್ ನಿಲ್ಲಿಸಿದರೆ ಬ್ಯಾಟರಿಯ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಒಳಗಿನ ಸರ್ಕ್ಯೂಟ್) ಬಾಗಿಲು ಹಾಕಿಕೊಳ್ಳುತ್ತಿತ್ತು. ಬ್ಯಾಟರಿ ಹೋದರೆ ಪುಟ್ಟ ಗ್ರಿಡ್ ಹೋಯಿತು. ಗ್ರಿಡ್ ಇಲ್ಲದೆ ಸೋಲಾರ್ ಕೂಡ ಹೋಯಿತು. ಟೆರೇಸ್ ಮೇಲೆ 12 ಪ್ಯಾನೆಲ್ ಬಿಸಿಲು ಕಾಯಿಸುತ್ತಾ ಮಲಗಿದ್ದರೂ ಕೆಳಗೆ ಒಂದು ಬಲ್ಬ್ ಉರಿಯದು.

ಕಾರಣ ಹಳೇ ಮನೆಯಿಂದ ಜೊತೆಗೇ ಬಂದಿತ್ತು. ಇನ್ವರ್ಟರ್ ಒಳಗಿನ ಸೆಟ್ಟಿಂಗ್ ಇನ್ನೂ ಭಾರತದ ಗ್ರಿಡ್ ಅಂತಲೇ ಇತ್ತು. ನಮ್ಮ ದೇಶದ ಗ್ರಿಡ್ 49.90ರಿಂದ 50.05 ಹರ್ಟ್ಸ್ ಒಳಗೆ ಓಡಬೇಕು ಅಂತ ನಿಯಮ. ಅದಕ್ಕಿಂತ ತುಂಬಾ ಮೇಲೆ ಹೋದರೆ ಏನೋ ಕೆಟ್ಟಿದೆ ಅಂತ ಇನ್ವರ್ಟರ್ ಕಳಚಿಕೊಳ್ಳುವುದು ಬೆಸ್ಕಾಂ ಲೈನಿನಲ್ಲಿ ಸರಿಯೇ. ಇಲ್ಲಿ ಅದೇ ತಪ್ಪಾಯಿತು. ಜರ್ಮನಿಯಲ್ಲಿ ಇದೇ ಕಷ್ಟ ದೇಶದ ಮಟ್ಟದಲ್ಲಿ ಬಂದಿತ್ತು. ಹಳೇ ಸೋಲಾರ್ ಇನ್ವರ್ಟರ್‌ಗಳೆಲ್ಲಾ 50.2 ಹರ್ಟ್ಸ್‌ಗೆ ಒಟ್ಟಿಗೇ ಕಳಚಿಕೊಂಡರೆ ಏನು ಗತಿ ಅಂತ ಹೆದರಿ, ಆಮೇಲೆ ಹಂತ ಹಂತವಾಗಿ ಇಳಿಸುವ ನಿಯಮ ತಂದರು.

ಈ ಸೆಟ್ಟಿಂಗ್ ಬದಲಿಸೋಕೆ ಇನ್‌ಸ್ಟಾಲರ್ ಪಾಸ್‌ವರ್ಡ್ ಬೇಕು. ಕಂಪನಿಗೆ ಬರೆದು, ಆಫ್ ಗ್ರಿಡ್ ಅಂತ ಫೋಟೋ ಸಮೇತ ತೋರಿಸಿ ತರಿಸಿಕೊಂಡೆ. ಈಗ ನನ್ನ ಗ್ರಿಡ್ ಇನ್ವರ್ಟರ್ 50.2 ಹರ್ಟ್ಸ್‌ಗೆ ತನ್ನ ಉತ್ಪಾದನೆ ಇಳಿಸೋಕೆ ಶುರುಮಾಡಿ 52.7ಕ್ಕೆ ಸೊನ್ನೆ ಮುಟ್ಟುತ್ತೆ, 53ಕ್ಕೆ ಮಾತ್ರ ಕಳಚಿಕೊಳ್ಳುತ್ತೆ. ಬ್ಯಾಟರಿ ಇನ್ವರ್ಟರ್‌ನಲ್ಲೂ ಇದೇ ಅಂಕಿಗಳನ್ನು ಕೊಡಬೇಕು. ಒಬ್ಬರು ಒಂದು ಭಾಷೆ, ಇನ್ನೊಬ್ಬರು ಇನ್ನೊಂದು ಭಾಷೆ ಆಡಿದರೆ ಆಗಲ್ಲ. ಮುಂದೆ ಬೆಸ್ಕಾಂ ಲೈನ್ ಬಂದರೆ ಇದನ್ನು ವಾಪಸ್ ಹಾಕಲೇಬೇಕು ಅಂತ ಇನ್ವರ್ಟರ್ ಮೇಲೇ ಚೀಟಿ ಅಂಟಿಸಿದ್ದೇನೆ.

ಟಕ್ ಟಕ್ ನಿಂತಿತು. ಕರೆಂಟ್ ಹೋಗುವುದು ದಿನಕ್ಕೆ ಮೂರು ಸಲ ಇದ್ದದ್ದು ವಾರಕ್ಕೊಮ್ಮೆಗೆ ಬಂತು. ಪೂರ್ತಿ ನಿಲ್ಲಲಿಲ್ಲ. ಸನ್ನೆ ಮುಟ್ಟಿ, ಪ್ಯಾನೆಲ್ ಕಡೆ ಇಳಿಯೋಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನ ಗುದ್ದನ್ನು ಬ್ಯಾಟರಿಯೇ ತಡೆದುಕೊಳ್ಳಬೇಕು.

ಬಿಎಂಎಸ್‌ನ ಬ್ಲೂಟೂತ್ ಆ್ಯಪ್ ತೆರೆದು, ಗುದ್ದು ಬೀಳುವ ಹೊತ್ತಿಗೆ ಸೆಲ್‌ಗಳನ್ನು ನೋಡಿದೆ. ಹದಿನೈದು ಸೆಲ್ 3.43, 3.44 ವೋಲ್ಟ್ ಅಂತ ಆರಾಮಾಗಿವೆ. ಹನ್ನೊಂದನೆಯದು ಮಾತ್ರ 3.66. ಈ ಜಾತಿ ಸೆಲ್‌ಗೆ 3.65 ಮಿತಿ. ಒಟ್ಟು ವೋಲ್ಟೇಜ್ ನೋಡಿದರೆ ಏನೂ ತಪ್ಪಿಲ್ಲ, ಅಲ್ವಾ? ಆದರೆ ಬಿಎಂಎಸ್ ನೋಡುವುದು ಎಲ್ಲಕ್ಕಿಂತ ಮುಂದೆ ಓಡುವ ಸೆಲ್ಲನ್ನು. ನಾನು ಚಾರ್ಜಿಂಗ್ ವೋಲ್ಟೇಜನ್ನು 56.8ರಿಂದ 55.2ಕ್ಕೆ ಇಳಿಸಿದೆ, ಸೆಲ್‌ಗೆ 3.45ರ ಲೆಕ್ಕ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಬಿಟ್ಟೆ. ಸೆಲ್‌ಗಳನ್ನೆಲ್ಲಾ ಒಂದೇ ಮಟ್ಟಕ್ಕೆ ತರುವ ಬ್ಯಾಲೆನ್ಸರ್ ಹನಿ ಹನಿಯಾಗಿ ಬಸಿಯುವ ಸಾಧನ, ಅವಸರ ಮಾಡಿದರೆ ಕೇಳಲ್ಲ. ಹನ್ನೊಂದನೇ ಸೆಲ್ ಸಾಲಿಗೆ ಬರೋಕೆ ಹತ್ತು ಹನ್ನೆರಡು ದಿನ ಹಿಡಿಯಿತು.

ಇನ್ನೊಂದು ಲೆಕ್ಕವನ್ನು ನಾನು ಮೊದಲೇ ಹಾಕಬೇಕಿತ್ತು. 4 ಕಿಲೋವ್ಯಾಟ್ ಪೂರ್ತಿ ಹಿಂದಕ್ಕೆ ಹರಿದರೆ 54 ವೋಲ್ಟ್‌ನಲ್ಲಿ ಸುಮಾರು 74 ಆಂಪ್. ನನ್ನ ಬ್ಯಾಟರಿ ಲೇಬಲ್ ಮೇಲೆ ಚಾರ್ಜಿಂಗ್ 50 ಆಂಪ್ ಅಂತ ದಪ್ಪಕ್ಷರದಲ್ಲೇ ಇದೆ. ಬ್ಯಾಟರಿ ಇನ್ವರ್ಟರ್‌ನಲ್ಲಿ 50 ಆಂಪ್‌ಗೆ ಮಿತಿ ಹಾಕಿದ್ದೆ ನಿಜ, ಆದರೆ ಆ ಮಿತಿಯೂ ಫ್ರೀಕ್ವೆನ್ಸಿ ಮೂಲಕವೇ ಜಾರಿಯಾಗಬೇಕು. ತಕ್ಷಣಕ್ಕೆ ಅದೂ ಲೆಕ್ಕಕ್ಕಿಲ್ಲ. ದೀಪಾವಳಿ ಹೊತ್ತಿಗೆ ಅದೇ ಮಾದರಿಯ ಇನ್ನೊಂದು ಬ್ಯಾಟರಿ ತಂದೆ. ಎರಡೂ ಒಂದೇ ವೋಲ್ಟೇಜಿಗೆ ಬರುವವರೆಗೆ ಕಾದು, ಒಂದೇ ಉದ್ದದ ಕೇಬಲ್‌ನಲ್ಲಿ ಪ್ಯಾರಲಲ್ ಜೋಡಿಸಿದೆ. ಆಮೇಲೆ ಬಿಸಿಲಿನಲ್ಲಿ ಕರೆಂಟ್ ಹೋಗಿಲ್ಲ. ಹೆಂಡತಿ ಸಣ್ಣ ಉರಿಯಲ್ಲಿ ಸಾರು ಕುದಿಸುತ್ತಾಳೆ, ನಾನು ಮೀಟರ್ ಹಿಡಿದು ಓಡಲ್ಲ.

ಬೇರೆ ಥರ ಒಂದು ಸಲ ಹೋಯಿತು. ಜುಲೈನಲ್ಲಿ ನಾಲ್ಕು ದಿನ ಬಿಡದೆ ಮೋಡ. ಐದನೇ ದಿನ ಬೆಳಗಿನ ಜಾವ ಬ್ಯಾಟರಿ ಬರಿದಾಗಿ ನಿಂತಿತು. ಎಂಟು ಗಂಟೆಗೆ ಬಿಸಿಲು ಬಂತು, ಆದರೆ ಪುಟ್ಟ ಗ್ರಿಡ್ ಇಲ್ಲದೆ ಸೋಲಾರ್ ಏಳಲ್ಲ, ಸೋಲಾರ್ ಇಲ್ಲದೆ ಬ್ಯಾಟರಿ ತುಂಬಲ್ಲ. ಪಕ್ಕದ ತೋಟದ ಅಣ್ಣನ ಹತ್ತಿರ ಜನರೇಟರ್ ಬೇಡಿ ತಂದು ಎಬ್ಬಿಸಿದೆ. ಡೀಸೆಲ್ ದುಡ್ಡು ಬೇಡ ಅಂದರು. ಈಗ 12ರಲ್ಲಿ 3 ಪ್ಯಾನೆಲ್ ಬಿಡಿಸಿ, ಎಂಪಿಪಿಟಿ ಚಾರ್ಜರ್ (ಗ್ರಿಡ್ ಇಲ್ಲದೆಯೂ ಪ್ಯಾನೆಲ್‌ನಿಂದ ಬ್ಯಾಟರಿ ತುಂಬುವ ಸಾಧನ) ಒಂದರ ಮೂಲಕ ನೇರ ಬ್ಯಾಟರಿಗೆ ಕೊಡುವ ಕೆಲಸ ನಡೆದಿದೆ. ಉಳಿದ ಒಂಬತ್ತೂ ಸ್ಟ್ರಿಂಗ್‌ನಲ್ಲಿ, ಅಂದರೆ ಒಂದಕ್ಕೊಂದು ಸಾಲಾಗಿ ಜೋಡಿಸಿದಾಗ, ಗ್ರಿಡ್ ಇನ್ವರ್ಟರ್‌ಗೆ ಬೇಕಾದಷ್ಟು ವೋಲ್ಟೇಜ್ ಕೊಡುತ್ತವಾ ಅಂತ ಲೆಕ್ಕ ಹಾಕಿ ನೋಡಿದೆ, ಸಾಲುತ್ತೆ.